ನೀಲಗಿರಿ ಒತ್ತಾಗಿ ನೆಟ್ಟರೆ ಮರ ಜಾಸ್ತಿ ಸಿಗುತ್ತದಾ?

ಪ್ರಶ್ನೆ (ಶಿಕಾರಿಪುರ ಕಡೆಯವರು): ನಮಸ್ಕಾರ ಸರ್. ನಮ್ಮ ಅಪ್ಪ ತುಂಬಾ ಹಿಂದೆ ಎರಡು ಎಕರೆ ಖುಷ್ಕಿಯಲ್ಲಿ 6 ಅಡಿಗೊಂದರಂತೆ ನೀಲಗಿರಿ ಹಾಕಿದ್ದರು. ಪಕ್ಕದವರು ಅದೇ ವರ್ಷ 10 ಅಡಿಗೊಂದು ಹಾಕಿದರು. ಹೋದ ಸಲ ಕಡಿದಾಗ ಎಕರೆಗೆ ಇಬ್ಬರಿಗೂ ಹೆಚ್ಚುಕಮ್ಮಿ ಅಷ್ಟೇ ಟನ್ ಬಂತು. ಆದರೆ ನಮ್ಮದು ಸೌದೆಗೆ ಹೋಯಿತು, ಅವರದು ಕಂಬಕ್ಕೆ ಹೋಯಿತು. ನಮ್ಮ ಮರಗಳು ಅವರದಕ್ಕಿಂತ ಎರಡೂವರೆ ಪಟ್ಟು ಜಾಸ್ತಿ ಇದ್ದವು. ಹಾಗಾದರೆ ತೂಕ ಯಾಕೆ ಜಾಸ್ತಿ ಬರಲಿಲ್ಲ?

ಉತ್ತರ (ನೆಡುತೋಪು ಕೆಲಸದಲ್ಲಿದ್ದವರು): ಒಳ್ಳೆ ಪ್ರಶ್ನೆ. ಒಂದು ಲೆಕ್ಕ ಮಾಡೋಣ. 6 ಅಡಿ ಅಂತರದಲ್ಲಿ ಎಕರೆಗೆ 1,210 ಗಿಡ ಹಿಡಿಯುತ್ತದೆ. 10 ಅಡಿ ಅಂತರದಲ್ಲಿ 435. ನಿಮ್ಮ ಮರದ ಸುತ್ತಳತೆ 12 ಅಂಗುಲ, ಅವರದು 20 ಅಂಗುಲ ಅಂತ ಇಟ್ಟುಕೊಳ್ಳಿ. ಕಾಂಡದಲ್ಲಿ ಎಷ್ಟು ಮರ ಇದೆ ಅನ್ನುವುದು ಸುತ್ತಳತೆಯ ವರ್ಗದ ಮೇಲೆ ಹೋಗುತ್ತದೆ. 12ನ್ನು 12ರಿಂದ ಗುಣಿಸಿದರೆ 144, 20ನ್ನು 20ರಿಂದ ಗುಣಿಸಿದರೆ 400. ಈಗ 1,210 ಸಲ 144 ಎಂದರೆ 1,74,240. 435 ಸಲ 400 ಎಂದರೆ 1,74,000. ಎರಡೂ ಒಂದೇ ಆಯಿತಲ್ವಾ!

ಎಕರೆಯಲ್ಲಿ ಇರುವ ನೀರು, ಗೊಬ್ಬರ, ಬಿಸಿಲು ಇಷ್ಟೇ. ಅದನ್ನು 1,210 ಮರ ಹಂಚಿಕೊಂಡರೂ 435 ಮರ ಹಂಚಿಕೊಂಡರೂ, ಕೆಲವು ವರ್ಷ ಬೆಳೆದ ಮೇಲೆ ಮರದ ಒಟ್ಟು ತೂಕ ಹತ್ತಿರ ಹತ್ತಿರ ಬರುತ್ತದೆ. ಮೊದಲ ಮೂರ್ನಾಲ್ಕು ವರ್ಷ ಒತ್ತಾದ ತೋಪೇ ಮುಂದಿರುತ್ತದೆ, ಅದು ನಿಜ. ಬೇಗ ಜಾಗ ತುಂಬಿಕೊಳ್ಳುತ್ತದೆ. ಆಮೇಲೆ ಬೇರಿಗೆ ಬೇರು, ತಲೆಗೆ ತಲೆ ತಾಗಿ ಬೆಳವಣಿಗೆ ಕುಗ್ಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಎಷ್ಟೇ ಸುರಿದರೂ ಜನವರಿಯಿಂದ ಮೇವರೆಗೆ ಮಣ್ಣು ಒಣಗಿರುತ್ತದೆ. ಆ ತಿಂಗಳುಗಳಲ್ಲಿ ಒತ್ತಾದ ತೋಪಿನ ಮರಗಳು ಒಂದರ ನೀರನ್ನು ಇನ್ನೊಂದು ಕಿತ್ತುಕೊಳ್ಳುತ್ತವೆ. ಸೋತವು ಕಡ್ಡಿಯಂತೆ ನಿಲ್ಲುತ್ತವೆ, ಕೆಲವು ಸಾಯುತ್ತವೆ.

ಎತ್ತರದ ಮೇಲೆ ಅಂತರದ ಪರಿಣಾಮ ಕಮ್ಮಿ. ದಪ್ಪದ ಮೇಲೆ ಮಾತ್ರ ತುಂಬಾ ಜಾಸ್ತಿ. ಇದನ್ನು ಪುಸ್ತಕದಲ್ಲಿ ಹುಡುಕಬೇಕಿಲ್ಲ. ನಿಮ್ಮ ಬೇಲಿ ಸಾಲಿನ ಮರ ತಬ್ಬಿ ನೋಡಿ, ಒಳಗಿನ ಮರ ತಬ್ಬಿ ನೋಡಿ. ಬೇಲಿ ಸಾಲಿನದು ದಪ್ಪ ಇರುತ್ತದೆ, ಒಂದು ಕಡೆ ಜಾಗ ಖಾಲಿ ಸಿಕ್ಕಿರುತ್ತದೆ ಅದಕ್ಕೆ.

ಹಾಗಂತ ದೂರ ನೆಟ್ಟರೆ ಎಲ್ಲವೂ ಚೆನ್ನ ಅಂತಲ್ಲ. ಪಕ್ಕದ ಕೊಂಬೆ ದಪ್ಪ ಬರುತ್ತದೆ, ಗಂಟು ಜಾಸ್ತಿ, ಮೊದಲೆರಡು ವರ್ಷ ಕಳೆ ತೆಗೆಸುವ ಖರ್ಚೂ ಜಾಸ್ತಿ. ಒತ್ತಾದಲ್ಲಿ ಕೊಂಬೆ ತಾನಾಗಿ ಒಣಗಿ ಬೀಳುತ್ತದೆ, ಕಾಂಡ ನೇರ ಬರುತ್ತದೆ. ಆದರೆ ಸಣ್ಣ ಮರದಲ್ಲಿ ತೊಗಟೆಯ ಪಾಲು ಜಾಸ್ತಿ. ಒಂದು ಟನ್ ಆಗಲು ಎಷ್ಟೋ ಜಾಸ್ತಿ ಮರ ಕಡಿಯಬೇಕು, ಸುಲಿಯಬೇಕು, ಹೊರಬೇಕು. ಕೂಲಿಯಲ್ಲೇ ಲಾಭ ಹೋಗುತ್ತದೆ. ಹಾಗಾಗಿ ಮೊದಲು ಯಾವ ದಪ್ಪದ ಮರ ಬೇಕು ಅಂತ ನಿರ್ಧಾರ ಮಾಡಿ, ಆಮೇಲೆ ಹಗ್ಗ ಹಿಡಿದು ಗುಂಡಿ ಗುರುತು ಹಾಕಬೇಕು.

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು): ಸರ್, ನಮ್ಮದೊಂದು ಹಕ್ಕಲು ಸುಮ್ನೆ ಬಿದ್ದಿದೆ. ಈ ಮಳೆಗೆ ನೀಲಗಿರಿಯನ್ನೇ 5 ಅಡಿಗೊಂದು ಹಾಕಿ ಅಂತ ಸಸಿ ಮಾರುವವರು ಹೇಳುತ್ತಿದ್ದಾರೆ. ಹಾಕಬಹುದಾ?

ಉತ್ತರ: ದಯವಿಟ್ಟು ಬೇಡಮ್ಮ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ಖಾಸಗಿ ಜಮೀನಿನಲ್ಲೂ ನಿಷೇಧಿಸಿತು. ಏನೇ ನೆಡುವ ಮುಂಚೆ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಈಗಿನ ನಿಯಮ ಕೇಳಿ. ಇನ್ನೊಂದು ವಿಷಯ. 5 ಅಡಿಗೊಂದು ಅಂದರೆ ಎಕರೆಗೆ 1,742 ಸಸಿ. ಸಸಿ ಮಾರುವವರಿಗೆ ಅದು ಒಳ್ಳೆಯ ಲೆಕ್ಕ, ನಿಮಗಲ್ಲ. ಅಷ್ಟು ಸಣ್ಣ ಮರ ಕೊಳ್ಳುತ್ತಿದ್ದ ಭದ್ರಾವತಿಯ ಪೇಪರ್ ಮಿಲ್ 2015ರಲ್ಲೇ ಉತ್ಪಾದನೆ ನಿಲ್ಲಿಸಿತು. ಪ್ಲೈವುಡ್‌ಗೆ ಹೋಗುವ ಹೆಬ್ಬೇವು ಹಾಕುವುದಾದರೆ 10ರಿಂದ 12 ಅಡಿ ಅಂತರ ಕೊಡಿ. ಅದಕ್ಕೆ ದಪ್ಪ ಬಂದರೇ ಬೆಲೆ. ಪಕ್ಕದ ಕೊಂಬೆಯನ್ನು ಎಳೆಯದಾಗಿರುವಾಗಲೇ ಸವರುತ್ತಿರಿ, ಇಲ್ಲದಿದ್ದರೆ ಹಾಳೆಯಲ್ಲಿ ಗಂಟು ಬರುತ್ತದೆ.

ಪ್ರಶ್ನೆ (ಶಿಕಾರಿಪುರ ಕಡೆಯವರು): ಸರ್, ಈ ವರ್ಷ ಮತ್ತೆ ಕಡಿಸುತ್ತೇವೆ. ಈಗ ಅಂತರ ಸರಿ ಮಾಡೋಕೆ ದಾರಿ ಇದೆಯಾ?

ಉತ್ತರ: ಇದೆ. ಒಂದು ಸಾಲು ಬಿಟ್ಟು ಒಂದು ಸಾಲನ್ನು ತೆಗೆದುಬಿಡಿ. ಆ ಬುಡಗಳ ತೊಗಟೆ ಮಣ್ಣಿನ ಮಟ್ಟದವರೆಗೆ ಸುಲಿಸಿ, ಚಿಗುರು ಬಂದಾಗಲೆಲ್ಲ ಮುರಿದು ಹಾಕಿ. ಆಗ 12 ಅಡಿಗೆ 6 ಅಡಿಯಂತೆ ಎಕರೆಗೆ 605 ಬುಡ ಉಳಿಯುತ್ತದೆ, ಸಾಲಿನ ನಡುವೆ ಟಿಲ್ಲರ್ ಕೂಡ ಹೋಗುತ್ತದೆ. ಉಳಿಸುವ ಬುಡಗಳನ್ನು ನೆಲದಿಂದ ಒಂದು ಗೇಣಿಗಿಂತ ಎತ್ತರ ಬಿಡಬೇಡಿ. ತೊಗಟೆ ಸೀಳದಂತೆ, ನೀರು ಇಳಿದುಹೋಗುವ ಹಾಗೆ ಓರೆಯಾಗಿ ಕಡಿಸಿ. ಕಡಿದ ಮೇಲೆ ಒಂದೊಂದು ಬುಡಕ್ಕೂ ಹತ್ತಾರು ಚಿಗುರು ಬರುತ್ತವೆ. ಎಲ್ಲವನ್ನೂ ಬಿಟ್ಟರೆ ಮತ್ತೆ ಒತ್ತು ನೆಟ್ಟ ಹಾಗೇ ಆಗುತ್ತದೆ. ಒಂದು ವರ್ಷದ ಹೊತ್ತಿಗೆ ಬುಡದ ಕೆಳಗಿನಿಂದ ಗಟ್ಟಿಯಾಗಿ ಬಂದ ಒಂದು ಚಿಗುರು ಉಳಿಸಿ, ಉಳಿದದ್ದು ಸವರಿ. ಅಕ್ಕಪಕ್ಕದ ಬುಡ ಸತ್ತು ಜಾಗ ಖಾಲಿ ಇದ್ದಲ್ಲಿ ಮಾತ್ರ ಎರಡು ಬಿಡಿ.