ಏಣಿ ಮೇಲೆ ಕನ್ನಡದ ಜೋಕ್ ಬೇಕು, ನಿಮ್ಮ ಮನೆಯಲ್ಲಿ ಯಾವುದು ನಡೆಯಿತು?

ಬಸವನಗುಡಿಯಿಂದ ಪ್ರಶ್ನೆ:
ದಸರಾ ಗೊಂಬೆಗಳ ಪೆಟ್ಟಿಗೆ ನಮ್ಮ ಮನೆಯಲ್ಲಿ ಅಟ್ಟದ ಮೇಲಿದೆ. ಏಣಿ ಹೊರಗೆ ತೆಗೆದರೆ ಸಾಕು, ಮೂರನೇ ಕ್ಲಾಸಿನ ಮಗಳು "ಅಪ್ಪಾ, ಏಣಿ ಜೋಕ್ ಹೇಳು" ಅಂತಾಳೆ. ಇಂಗ್ಲಿಷ್‌ನವು ಬೇಕಾದಷ್ಟು ಸಿಗುತ್ತವೆ. ಕನ್ನಡದಲ್ಲಿ ಏನು ಹೇಳಲಿ? ಮನೆಯಲ್ಲಿ ಹೇಳಿ ನೋಡಿದವರು ತಿಳಿಸಿ.

ಮಲ್ಲೇಶ್ವರದಿಂದ:
ಸಾರ್, ಇಂಗ್ಲಿಷ್‌ನದನ್ನು ಕನ್ನಡಕ್ಕೆ ತರೋಕೆ ಹೋಗಬೇಡಿ. "ಇದು ನನ್ನ ಸ್ವಂತ ಏಣಿ ಅಲ್ಲ, ಸ್ಟೆಪ್ ಏಣಿ" ಅನ್ನೋದು ಅಲ್ಲಿ ಚೆನ್ನಾಗಿದೆ, ಸ್ಟೆಪ್ ಅಂದರೆ ಮೆಟ್ಟಿಲೂ ಹೌದು, ಸ್ಟೆಪ್ ಮದರ್‌ನ ಸ್ಟೆಪ್ಪೂ ಹೌದು. ನಮ್ಮಲ್ಲಿ ಮಲತಾಯಿಗೂ ಮೆಟ್ಟಿಲಿಗೂ ನಂಟೇ ಇಲ್ಲ, ಮಗು ಪಿಳಿಪಿಳಿ ಕಣ್ಣು ಬಿಡುತ್ತೆ.

"ಹತ್ತು" ಇದೆಯಲ್ಲ, ಅದನ್ನು ಹಿಡಿಯಿರಿ. ನಮ್ಮ ಏಣಿಗೆ ಇರೋದು ಆರೇ ಮೆಟ್ಟಿಲು. ಮಗ "ಇದಕ್ಕೆ ಎಷ್ಟು ಮೆಟ್ಟಿಲಪ್ಪಾ?" ಅಂದ. "ಹತ್ತು" ಅಂದೆ. ಅವನು ಕೆಳಗಿನಿಂದ ಒಂದೊಂದೇ ಮೆಟ್ಟಿಲು ಮುಟ್ಟಿ ಎಣಿಸಿದ. ಮೇಲಿನವಕ್ಕೆ ಕೈ ಎಟಕಲಿಲ್ಲ, ಬೆರಳು ತೋರಿಸಿ ಎಣಿಸಿದ. "ಸುಳ್ಳು, ಆರೇ ಇರೋದು!" "ಎಣಿಸು ಅಂದೆನಾ? ಹತ್ತು ಅಂದೆ." ಸುಮ್ನೆ ನಿಂತ. ಆಮೇಲೆ ನೋಡಬೇಕಿತ್ತು ಆ ನಗು! ಸಂಜೆಯೊಳಗೆ ಪಕ್ಕದ ಮನೆ ಅಜ್ಜಿಗೆ, ಕೆಳಗಿನ ಸೆಕ್ಯುರಿಟಿ ಅಣ್ಣನಿಗೆ, ಎಲ್ಲರಿಗೂ ಹೇಳಿ ಬಂದ. ಎಣಿಸಿ ಮುಗಿಸುವವರೆಗೂ ಕಾಯಿರಿ, ಅದು ಮುಖ್ಯ. ಮೊದಲೇ ಬಿಡಿಸಿ ಹೇಳಿದರೆ ಮಜಾ ಹೋಗುತ್ತೆ.

ಅದು ಹಿಡಿಸಿದರೆ ಮುಂದಿನದು. ಭಾನುವಾರ ಅಟ್ಟ ಕ್ಲೀನ್ ಮಾಡೋದಿದ್ದರೆ ಹಿಂದಿನ ರಾತ್ರಿಯೇ ಹೇಳಿಬಿಡಿ: "ಏಳು ಗಂಟೆಗೆ ಏಳು, ಹತ್ತು ಗಂಟೆಗೆ ಹತ್ತು."

ವಿಜಯನಗರದಿಂದ:
ನಮ್ಮ ಅಮ್ಮ ಬಂದಿದ್ದರು. ಬತ್ತಿ ಹೊಸೆಯೋಕೆ ಕೂತು "ಹತ್ತಿ ಎಲ್ಲಿದೆ?" ಅಂತ ಕೇಳಿದರು. ನಮ್ಮನೆಯವರು ಏಣಿ ತೋರಿಸಿ, ತುಂಬಾ ಮರ್ಯಾದೆಯಿಂದ, "ಅತ್ತೆ, ಹತ್ತಿ" ಅಂದರು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಹತ್ತಿ ನಿಜವಾಗಲೂ ಅಟ್ಟದ ಮೇಲೆಯೇ ಇತ್ತು, ನಮ್ಮನೆಯವರೇ ಹತ್ತಿ ಇಳಿಸಿಕೊಟ್ಟರು. ಈಗ ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರ್ "ಬೇಗ ಹತ್ತಿ, ಹತ್ತಿ" ಅಂದಾಗಲೆಲ್ಲ ಮಗಳು ನನ್ನ ಸೆರಗಲ್ಲಿ ಮುಖ ಮುಚ್ಚಿಕೊಂಡು ನಗುತ್ತಾಳೆ. ನಿಮ್ಮ ಮಗಳಿಗೂ ಹೇಳಿ ನೋಡಿ ಅಣ್ಣ.

ರಾಜಾಜಿನಗರದಿಂದ:
ನಾನು ಪೇಂಟಿಂಗ್ ಕೆಲಸದವನು. ಜೋಕ್ ಎಲ್ಲಾ ಸರಿ, ಆದರೆ ಏಣಿ ಮೇಲೆ ಇರುವವರನ್ನು ನಗಿಸಲೇಬೇಡಿ. ಹತ್ತುವ ಮುಂಚೆ ಹೇಳಿ, ಇಲ್ಲ ಇಳಿದ ಮೇಲೆ ಹೇಳಿ. ಗೋಡೆಗೆ ಒರಗಿಸುವ ಏಣಿ ಆದರೆ 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡ ಗೋಡೆಯಿಂದ ಆಚೆ ಇರಬೇಕು. ತೀರಾ ನೆಟ್ಟಗೆ ಇಟ್ಟರೆ ಹಿಂದಕ್ಕೆ ಬೀಳುತ್ತೆ, ತೀರಾ ಓರೆ ಆದರೆ ಬುಡ ಜಾರುತ್ತೆ. ಗ್ರಾನೈಟ್ ನೆಲದಲ್ಲಂತೂ ಕಾಲಿನ ರಬ್ಬರ್ ಸವೆದಿದೆಯಾ ಅಂತ ನೋಡಿಕೊಂಡೇ ಇಡಿ, ಕೆಳಗೆ ಒಬ್ಬರು ಹಿಡಿದುಕೊಂಡಿರಲಿ. ಮಗಳನ್ನು ಮಾತ್ರ ಹತ್ತಿಸಬೇಡಿ, ಗೊಂಬೆ ಕೈಯಿಂದ ಕೈಗೆ ಇಳಿಸೋವಾಗ ಅವಳು ಏಣಿಯಿಂದ ದೂರ, ಕೊನೆಯಲ್ಲಿ ನಿಂತು ತೆಗೆದುಕೊಳ್ಳಲಿ.

ಪದದ ಆಟ ನಮ್ಮಲ್ಲೂ ಇದೆ. ನಮ್ಮ ಊರ ಕಡೆ ಚಪ್ಪಲಿಗೆ ಮೆಟ್ಟು ಅಂತೀವಿ. ಜಾರುವ ಚಪ್ಪಲಿ ಹಾಕಿಕೊಂಡು ಬರುವ ಹೊಸ ಹುಡುಗರಿಗೆ ಮೊದಲ ದಿನವೇ ಹೇಳೋದು: "ಮೆಟ್ಟು ಬಿಟ್ಟು ಮೆಟ್ಟಿಲು ಹತ್ತು." ಬೈದರೆ ಮರೆಯುತ್ತಾರೆ, ಇದನ್ನು ಮರೆಯೋದಿಲ್ಲ.

ಜಯನಗರದಿಂದ:
ಗೊಂಬೆ ಕೂರಿಸಿದ ಮೇಲೆ ಹಾವು ಏಣಿ ಆಟಕ್ಕೆ ಕೂರಿಸಿ. ಪಟದಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಮನೆ. ನಮ್ಮ ಮೊಮ್ಮಗಳು ತನ್ನ ಕಾಯಿ ಏಣಿಯ ಬುಡಕ್ಕೆ ಬಂದ ಕೂಡಲೇ "ತಾತಾ, ಹತ್ತಲಿ, ಹತ್ತಲಿ!" ಅಂತ ಕುಣಿಯುತ್ತಾಳೆ. ನಾನು ಮಗ್ಗಿ ಶುರು ಮಾಡುತ್ತೇನೆ: "ಹತ್ತು ಹತ್ತಲಿ..." ಅವಳು ಕಾಯಿ ಬಿಟ್ಟು "ನೂರು!" ಅಂತ ಕಿರುಚುತ್ತಾಳೆ.