ಅಪ್‌ಡೇಟ್: ಡಿಬಿಎ ಮಾಡಲಾ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ

ಹದಿನೈದು ವರ್ಷ ಕಂಪನಿಯಲ್ಲಿ ದುಡಿದ ಮೇಲೆ ಡಿಬಿಎ, ಅಂದರೆ ಬಿಸಿನೆಸ್ ಡಾಕ್ಟರೇಟ್ ಮಾಡಿದರೆ ಬಡ್ತಿಗೆ ಅನುಕೂಲವಾಗುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದಂತೆ ನೇರವಾಗಿ ಬಾಸ್ ಹತ್ತಿರವೇ ಕೇಳಿದೆ. "ಮೇಲಿನ ಹುದ್ದೆಗೆ ನಾವು ನೋಡೋದು ಲಾಭ-ನಷ್ಟದ ಹೊಣೆ ಹೊತ್ತಿದ್ದೀರಾ ಅಂತ. ಹೆಸರಿನ ಮುಂದೆ ಡಾ. ಇದೆಯಾ ಅಂತಲ್ಲ" ಅಂದರು. ಸ್ವಲ್ಪ ಚುಚ್ಚಿತು. ಆದರೆ ನಿಜ ಅಲ್ವಾ?

ಪಿಎಚ್‌ಡಿ, ಡಿಬಿಎ ಎರಡೂ ಒಂದೇ ಅಂದುಕೊಂಡಿದ್ದೆ. ಪಿಎಚ್‌ಡಿ ಹೆಚ್ಚಾಗಿ ಪಾಠ, ಸಂಶೋಧನೆಯ ದಾರಿ ಹಿಡಿಯುವವರಿಗೆ. ಡಿಬಿಎ ಮಾಡುವವರು ಕೆಲಸದಲ್ಲಿದ್ದುಕೊಂಡೇ ತಮ್ಮ ಕ್ಷೇತ್ರದ ಸಮಸ್ಯೆಯೊಂದನ್ನು ಹಿಡಿದು ಪ್ರಬಂಧ ಬರೆಯುತ್ತಾರೆ. ಪಾರ್ಟ್‌ಟೈಮ್ ಆದರೆ ಸಾಮಾನ್ಯವಾಗಿ 3-4 ವರ್ಷ. (ಹಾರ್ವರ್ಡ್ ಬಹಳ ಕಾಲ ಪಿಎಚ್‌ಡಿಯಂಥ ಕೋರ್ಸನ್ನೇ ಡಿಬಿಎ ಅಂತ ಕರೆಯುತ್ತಿತ್ತು. ನನ್ನ ಗೊಂದಲಕ್ಕೆ ಅದೂ ಒಂದು ಕಾರಣ!)

ಒಂದು ಸಂಸ್ಥೆಯವರು ಒಂದೇ ವರ್ಷ ಸಾಕು, ಪ್ರಬಂಧವೂ ಬೇಡ ಅಂದರು. ಎಎಸಿಎಸ್‌ಬಿ, ಎಎಂಬಿಎ ಥರದ, ಬಿಸಿನೆಸ್ ಶಿಕ್ಷಣದ ಗುಣಮಟ್ಟ ನೋಡುವ ಅಂತರರಾಷ್ಟ್ರೀಯ ಸಂಸ್ಥೆಗಳ ಮಾನ್ಯತೆ ಇದೆಯಾ ಅಂದಾಗ ಮಾತು ಬದಲಿಸಿದರು. ಅಲ್ಲಿಗೇ ಬಿಟ್ಟೆ.

ಸದ್ಯಕ್ಕೆ ಸಣ್ಣದೊಂದು ವಿಭಾಗದ ಪೂರ್ತಿ ಹೊಣೆ ಕೇಳಿ ತಗೊಂಡಿದ್ದೇನೆ. ಮುಂದೆ ಕನ್ಸಲ್ಟಿಂಗ್‌ಗೋ ಪಾಠ ಮಾಡೋಕೋ ಹೋಗುವ ಮನಸ್ಸಾದರೆ ಡಿಬಿಎ ಬಗ್ಗೆ ಮತ್ತೆ ಯೋಚಿಸ್ತೀನಿ.