ಲೇಬಲ್ ಇಲ್ಲದ ಬಿಳಿ ಪುಡಿಗಳನ್ನು ಗುರುತಿಸುವುದು ಹೇಗೆ? ಮಾಡಿ ನೋಡಿದವರು ಹೇಳಿ

ಕೇಳಿದವರು:
ಡಬ್ಬಿಗಳ ಲೇಬಲ್ ಕಿತ್ತುಹೋಗಿದೆ. ನಾಲ್ಕೈದು ಬಿಳಿ ಪುಡಿಗಳಲ್ಲಿ ಯಾವುದು ಏನು ಅಂತ ಗೊತ್ತಾಗ್ತಿಲ್ಲ. ಮಗಳಿಗೆ ವಿಧಿವಿಜ್ಞಾನದ ಹುಚ್ಚು. ಸರಳ ಪರೀಕ್ಷೆ ಮಾಡಿ ಕಂಡುಹಿಡಿದು, ಮತ್ತೆ ಅಡುಗೆಗೆ ಬಳಸಬಹುದಾ?

ರಸಾಯನಶಾಸ್ತ್ರ ಶಿಕ್ಷಕಿ:
ಅಡುಗೆಗೆ ಖಂಡಿತ ಬೇಡ. ಪುಡಿಯಲ್ಲಿ ಪಿಷ್ಟ ಇದೆಯಾ, ಸೋಡಾ ಇದೆಯಾ ಅಂತ ಈ ಪರೀಕ್ಷೆಗಳು ಸುಳಿವು ಕೊಡುತ್ತವೆ. ಜೊತೆಗೆ ಬೇರೇನೂ ಬೆರೆತಿಲ್ಲ ಅಂತ ಯಾವತ್ತೂ ಹೇಳುವುದಿಲ್ಲ. ಆ ಡಬ್ಬಿಗಳನ್ನು ಪಕ್ಕಕ್ಕಿಡಿ. ಮಗಳಿಗೆ ನೀವೇ ಗೊತ್ತಿರುವ ಪುಡಿಗಳನ್ನು ಹಾಕಿ, ಹೆಸರಿನ ಬದಲು ಅಕ್ಷರ ಬರೆದು ಕೊಡಿ. ಪತ್ತೇದಾರಿಕೆಯ ಖುಷಿ ಅಷ್ಟೇ ಸಿಗುತ್ತದೆ.

ಮುಖ್ಯವಾದ ಮಾತು: ಗುಟ್ಟಿನ ಪುಡಿಗೆ ಕೈ ಹಾಕುವ ಮೊದಲು ಹೆಸರು ಗೊತ್ತಿರುವ ಎಲ್ಲ ಪುಡಿಗಳ ಮೇಲೂ ಅದೇ ಹನಿಗಳನ್ನು ಹಾಕಿ, ಕಂಡದ್ದನ್ನು ಬರೆದಿಟ್ಟುಕೊಳ್ಳಲಿ. "ಸ್ವಲ್ಪ ನೊರೆ ಬಂತು" ಅಂದರೆ ಎಷ್ಟು? ಪಕ್ಕದಲ್ಲಿ ಹೋಲಿಸಲು ಇನ್ನೊಂದು ಇದ್ದರೆ ಮಾತ್ರ ಗೊತ್ತಾಗುವುದು. ಮಕ್ಕಳು ಇದನ್ನು ಬಿಟ್ಟು ನೇರ ಗುಟ್ಟಿಗೇ ಓಡುತ್ತಾರೆ. ಬಿಡಬೇಡಿ.

ನೀರು, ವಿನೆಗರ್, ನೀರು ಬೆರೆಸಿದ ಟಿಂಚರ್ ಅಯೋಡಿನ್, ಅರಿಶಿನದ ನೀರು, ಈ ನಾಲ್ಕು ಸಾಕು. ಒಂದೊಂದಕ್ಕೂ ಬೇರೆ ಡ್ರಾಪರ್, ಪ್ರತಿ ಸಲವೂ ಹೊಸ ಚಿಟಿಕೆ ಪುಡಿ. ಜೋಳದ ಪಿಷ್ಟಕ್ಕೆ ಅಯೋಡಿನ್ ಬಿದ್ದರೆ ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಅಡುಗೆ ಸೋಡಾ ವಿನೆಗರ್‌ಗೆ ಬುಸ್ಸನೆ ಉಕ್ಕುತ್ತದೆ. ಬಟ್ಟೆ ಸೋಡಾ ಕೂಡ ಉಕ್ಕುತ್ತದೆ, ಆದರೆ ಅರಿಶಿನವನ್ನು ಗಾಢ ಕೆಂಪು ಮಾಡುತ್ತದೆ. ಅಡುಗೆ ಸೋಡಾದಲ್ಲಿ ಆ ಕೆಂಪು ಮಂಕು. ಅರಿಶಿನವನ್ನು ಕೆಂಪು ಮಾಡುವುದು ಕ್ಷಾರ. ಪಿಎಚ್ ಅಂದರೆ ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಹೆಚ್ಚಿದಷ್ಟೂ ಕ್ಷಾರ ಜಾಸ್ತಿ. ಅಡುಗೆ ಸೋಡಾ ದ್ರಾವಣದ ಪಿಎಚ್ 8ರ ಆಸುಪಾಸು, ಬಟ್ಟೆ ಸೋಡಾದ್ದು 11ರ ಹತ್ತಿರ. ನನಗೆ ತುಂಬಾ ಇಷ್ಟವಾದದ್ದು ಬೇಕಿಂಗ್ ಪೌಡರ್. ಬರೀ ನೀರಿಗೇ ನೊರೆ ಬರುತ್ತದೆ, ಅಯೋಡಿನ್‌ಗೂ ನೀಲಿಯಾಗುತ್ತದೆ. ಯಾಕೆಂದರೆ ಅದರಲ್ಲಿ ಸೋಡಾ, ಆಮ್ಲ ಕೊಡುವ ಲವಣ, ಪಿಷ್ಟ ಮೂರೂ ಇರುತ್ತವೆ. ಇದನ್ನು ಮಕ್ಕಳು ತಾವೇ ಊಹಿಸಿದಾಗ ಅವರ ಮುಖ ನೋಡಬೇಕು!

ಇಬ್ಬರು ಮಕ್ಕಳ ತಂದೆ:
ಪುಡಿ ಸಕ್ಕರೆ ಕೊಡುವುದಾದರೆ ಪೊಟ್ಟಣ ಓದಿ. ಗಂಟು ಕಟ್ಟದಿರಲಿ ಅಂತ ಪಿಷ್ಟ ಸೇರಿಸಿರುತ್ತಾರೆ, ಅಯೋಡಿನ್ ನೀಲಿಯಾಗಿಬಿಡುತ್ತದೆ. ಬೋರ್ಡಿನ ಸೀಮೆಸುಣ್ಣ ಕೊಟ್ಟರೂ ಯಾವುದರಿಂದ ಮಾಡಿದ್ದು ಅಂತ ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್‌ನದಾದರೆ ವಿನೆಗರ್‌ಗೆ ನೊರೆ ಬರುತ್ತದೆ, ಜಿಪ್ಸಂನದಾದರೆ ಇಲ್ಲ. ಉಪ್ಪು, ಸಕ್ಕರೆಗೆ ಈ ಹನಿಗಳಲ್ಲಿ ಏನೂ ಆಗುವುದಿಲ್ಲ. ಭೂತಗನ್ನಡಿ ಕೊಡಿ, ಉಪ್ಪಿನ ಹರಳು ಪುಟ್ಟ ಘನಾಕಾರದಲ್ಲಿ ಕಾಣುತ್ತದೆ. ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಮಾತ್ರ ಶುರುವಾಗದಿರಲಿ.

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು:
ಗೊತ್ತಿರುವ ಪುಡಿಗಳ ಜೊತೆ ಹೋಲಿಸಿ ನೋಡಿ ಅಂತ ಶಿಕ್ಷಕಿ ಹೇಳಿದ ಕ್ರಮ ನಮ್ಮ ಕೆಲಸದಲ್ಲೂ ಇದೆ. ಬಣ್ಣ ಬದಲಾಯಿತು ಅಂದ ಮಾತ್ರಕ್ಕೆ ನಾವು ಹೆಸರು ಬರೆಯುವುದಿಲ್ಲ. ಅದು ಪ್ರಾಥಮಿಕ ಪರೀಕ್ಷೆ, ಖಚಿತಪಡಿಸಲು ಉಪಕರಣದ ಪರೀಕ್ಷೆ ಬೇರೆ. ಮಗಳಿಗೆ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಜೇಮ್ಸ್ ಮಾರ್ಷ್ ಕಥೆ ಹೇಳಿ. ಬಿಳಿ ಆರ್ಸೆನಿಕ್ ಎಂಬ ವಿಷದ ಪುಡಿ ಊಟದಲ್ಲಿ ಬೆರೆತರೆ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ಹಿಡಿಯುವ ಸೂಕ್ಷ್ಮ ವಿಧಾನವನ್ನು ಅವರು 1836ರಲ್ಲಿ ಪ್ರಕಟಿಸಿದರು.

ಎರಡು ಪುಡಿ ಬೆರೆಸಿ ಕೊಟ್ಟರೆ ಆಟ ಕಷ್ಟವಾಗುತ್ತದೆ. ಆದರೆ ಬಟ್ಟೆ ಸೋಡಾ ಜೊತೆ ಪಿಷ್ಟ ಬೆರೆಸಬೇಡಿ. ಕ್ಷಾರ ಅಯೋಡಿನ್ನಿನ ಬಣ್ಣವನ್ನೇ ಕಳೆದು, ಪಿಷ್ಟ ಇಲ್ಲ ಅನ್ನಿಸಿಬಿಡಬಹುದು.

ಇನ್ನು ನಿಮ್ಮ ಡಬ್ಬಿಗಳು. ಮೂಸಬೇಡಿ, ವಿನೆಗರ್ ಹಾಕಬೇಡಿ. ಒಂದರಲ್ಲಿ ಬ್ಲೀಚಿಂಗ್ ಪೌಡರ್ ಇದ್ದರೆ ಆಮ್ಲ ತಗುಲಿದ ಕೂಡಲೇ ಕ್ಲೋರಿನ್ ಅನಿಲ ಏಳುತ್ತದೆ. ಒಂದರ ಜೊತೆ ಒಂದನ್ನು ಬೆರೆಸದೆ, ಮುಚ್ಚಳ ಭದ್ರವಾಗಿ ಹಾಕಿ, ಅಪಾಯಕಾರಿ ಮನೆಕಸ ತೆಗೆದುಕೊಳ್ಳುವವರಿಗೆ "ಏನೆಂದು ಗೊತ್ತಿಲ್ಲ" ಅಂತ ಬರೆದು ಕೊಟ್ಟುಬಿಡಿ.